ಹುಳಿ, ಕಾಲ ಮತ್ತು ಕೂಡಿಡುವ ಕೈ

ನಂಜನಗೂಡಿನ ಶ್ರೀಕಂಠೇಶ್ವರನ ಮಹಿಮೆ ಹಾಲಾಹಲವನ್ನು ಕಂಠದಲ್ಲಿ ತಡೆದು ನಿಲ್ಲಿಸಿದ ಶಿವನ ಕಥೆಯ ಮೇಲೆ ನಿಂತಿದೆ. ಆದರೆ ಆ ವಿಷ ಎದ್ದುಬಂದ ಕ್ಷೀರಸಾಗರದ ಮಥನದಿಂದಲೇ ಮದ್ಯದ ಅಧಿದೇವತೆಯಾದ ವಾರುಣಿಯೂ, ವೈದ್ಯದ ಮೂಲಪುರುಷನಾದ ಧನ್ವಂತರಿಯೂ, ಅವನ ಕೈಯ ಕಲಶದಲ್ಲಿದ್ದ ಅಮೃತವೂ ಹುಟ್ಟಿದವೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ವಾರುಣಿ ಯಾರ ಪಾಲಾದಳೆಂಬ ವಿಷಯದಲ್ಲಿ ಗ್ರಂಥಗಳಲ್ಲಿ ಒಮ್ಮತವಿಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅವಳನ್ನು ಸ್ವೀಕರಿಸಿದವರು ಅದಿತಿಯ ಮಕ್ಕಳಾದ ದೇವತೆಗಳು, ಒಲ್ಲೆನೆಂದವರು ದಿತಿಯ ಮಕ್ಕಳು. ಭಾಗವತದ ಎಂಟನೆಯ ಸ್ಕಂಧದಲ್ಲಾದರೋ ಹರಿಯ ಅನುಮತಿ ಪಡೆದು ಅವಳನ್ನು ಕರೆದೊಯ್ದವರು ಅಸುರರು. ಒಂದೇ ಘಟನೆಯನ್ನು ಎರಡು ಪವಿತ್ರ ಗ್ರಂಥಗಳು ಹೀಗೆ ತಲೆಕೆಳಗಾಗಿ ಹೇಳುವಾಗ, ಹುದುಗಿದ ಪಾನದ ಬಗೆಗಿನ ಧರ್ಮವಿಚಾರ ಜನ ಭಾವಿಸುವಷ್ಟು ಸರಳವಲ್ಲವೆಂದು ಒಪ್ಪಬೇಕಾಗುತ್ತದೆ. ಕಾಲ ಕಳೆದು ಹುಳಿಯಾದ ಪದಾರ್ಥವನ್ನು ಕೆಟ್ಟದ್ದೆನ್ನಬೇಕೆ, ಮಾಗಿದ್ದೆನ್ನಬೇಕೆ? ಅಂಥದನ್ನು ಹುಡುಕಿ ಕೊಂಡು, ವರ್ಷಗಟ್ಟಲೆ ಇಟ್ಟು, ಒಂದರೊಡನೊಂದನ್ನು ಹೋಲಿಸಿ ಸವಿಯುವ ರಸಿಕನ ಕೆಲಸ ಬರಿಯ ಭೋಗವೆ, ಅಥವಾ ಅದರಲ್ಲಿ ಸಂಯಮವೂ ಉಂಟೆ?

ಬೆಲ್ಜಿಯಂ ದೇಶದ ಹುಳಿ ಬಿಯರುಗಳು ಈ ಪ್ರಶ್ನೆಯನ್ನು ತುಂಬ ತೀಕ್ಷ್ಣವಾಗಿ ಎತ್ತುತ್ತವೆ. ನಂಜನಗೂಡಿನ ಕಾರ್ಖಾನೆಯಲ್ಲಿ ತಯಾರಾಗುವಂಥ ಲಾಗರ್ ಬಿಯರು ಒಂದೇ ಶುದ್ಧ ತಳಿಯ ಯೀಸ್ಟಿನಿಂದ ಹುದುಗುತ್ತದೆ. ಬೇರೆ ಸೂಕ್ಷ್ಮಜೀವಿ ಒಳಸೇರಿದರೆ ಅದು ಕೆಟ್ಟಿತೆಂದೇ ಅರ್ಥ. ಬ್ರಸೆಲ್ಸ್ ನಗರ ಮತ್ತು ಅದರ ನೈರುತ್ಯದ ಪಾಯೊಟೆನ್‌ಲ್ಯಾಂಡ್ ಸೀಮೆಯ ಲ್ಯಾಂಬಿಕ್ ಎಂಬ ಬಿಯರಿನ ಕ್ರಮ ಇದಕ್ಕೆ ನೇರ ವಿರುದ್ಧ. ಬಾರ್ಲಿಯ ಮಾಲ್ಟಿಗೆ ಸುಮಾರು ಮೂರನೆಯ ಒಂದು ಪಾಲು ಹಸಿ ಗೋಧಿಯನ್ನು ಸೇರಿಸಿ, ಕಹಿ ಇಳಿದುಹೋದ ಹಳೆಯ ಹಾಪ್ಸ್ ಹಾಕಿ ಕುದಿಸಿದ ರಸವನ್ನು ಚಳಿಗಾಲದ ರಾತ್ರಿ ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ನೆಲೆಸಿರುವ ಯೀಸ್ಟು, ಬ್ಯಾಕ್ಟೀರಿಯಗಳು ತಾವಾಗಿಯೇ ಬಂದು ಅದನ್ನು ಹುದುಗಿಸುತ್ತವೆ. ನಡುವೆ ಒಂದು ಹಂತದಲ್ಲಿ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯದ ದೆಸೆಯಿಂದ ಬಿಯರು ಎಣ್ಣೆಯಂತೆ ಮಂದವಾಗಿ ಎಳೆ ಎಳೆಯಾಗಿ ಸುರಿಯುತ್ತದೆ. ಆಗ ನೋಡಿದವರು ಅದನ್ನು ಚರಂಡಿಗೆ ಚೆಲ್ಲಬೇಕೆಂದಾರು. ತಯಾರಕರು ಅದನ್ನು ಬಿಯರಿಗೆ ಬಂದ ಕಾಯಿಲೆಯೆಂದೇ ಕರೆದು, ಏನೂ ಮಾಡದೆ ಕಾಯುತ್ತಾರೆ. ಬ್ರೆಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟು ತಿಂಗಳುಗಳಲ್ಲಿ ಆ ಲೋಳೆಯನ್ನು ಒಡೆದು ತಿಳಿಗೊಳಿಸುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಸೀಸೆಯಲ್ಲಿ ಮತ್ತೊಮ್ಮೆ ಹುದುಗಲು ಬಿಟ್ಟದ್ದಕ್ಕೆ ಗೂಝ್ ಎಂದು ಹೆಸರು. ಒಳ್ಳೆಯ ಗೂಝ್ ಹತ್ತು ಇಪ್ಪತ್ತು ವರ್ಷ ನಿಲ್ಲುತ್ತದೆ. ಚೆರ್ರಿ ಹಣ್ಣು ಸೇರಿಸಿದ ಕ್ರೀಕ್ ಎಂಬುದರಲ್ಲಿ ಹಣ್ಣಿನ ಸೊಗಸು ವರ್ಷ ಕಳೆದಂತೆ ಕಂದುವುದರಿಂದ ಅದನ್ನು ಬೇಗ ಕುಡಿಯುವುದು ಲೇಸೆಂಬುದು ಬಲ್ಲವರ ಮಾತು.

ಧರ್ಮಶಾಸ್ತ್ರವು ಹೊತ್ತು ಕಳೆದು ಹುಳಿತದ್ದನ್ನು ಶುಕ್ತವೆಂದು ಕರೆಯುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯ ಶುಕ್ತವಾದುದೆಲ್ಲವನ್ನೂ ವರ್ಜ್ಯವೆಂದು ವಿಧಿಸಿ, ಮರುಶ್ಲೋಕದಲ್ಲಿಯೇ ಮೊಸರಿಗೂ ಮೊಸರಿನಿಂದಾದವುಗಳಿಗೂ ವಿನಾಯಿತಿ ಕೊಡುತ್ತದೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಹುಳಿ ರಾಜಸ ಆಹಾರದ ಸಾಲಿನಲ್ಲಿದೆ. ರಸ ಹೋದ, ನಾರುವ, ತಂಗಳಾದ ಅನ್ನ ತಾಮಸದ ಸಾಲಿನಲ್ಲಿದೆ. ಈ ಎರಡು ಸಾಲುಗಳನ್ನು ಬೇರೆ ಬೇರೆಯಾಗಿಟ್ಟಿರುವುದು ಗಮನಾರ್ಹ, ಏಕೆಂದರೆ ಹುಳಿ ಮನಸ್ಸನ್ನು ಕೆರಳಿಸುತ್ತದೆ ಎಂಬ ಆಕ್ಷೇಪವೇ ಬೇರೆ, ಹಳಸಿದ್ದು ಮನಸ್ಸನ್ನು ಮಂಕಾಗಿಸುತ್ತದೆ ಎಂಬ ಆಕ್ಷೇಪವೇ ಬೇರೆ. ಮೊಸರಿನ ವಿನಾಯಿತಿಯನ್ನು ವ್ಯಾಖ್ಯಾನಕಾರರು ಹೇಗೇ ಸಮರ್ಥಿಸಲಿ, ಅದರಿಂದ ಒಂದು ಮಾತಂತೂ ಸ್ಪಷ್ಟ: ಕಾಲದ ಕೈವಾಡವೊಂದೇ ಪದಾರ್ಥವನ್ನು ಅಶುಚಿಯಾಗಿಸುವುದಿಲ್ಲ. ಮದ್ಯದ ನಿಷೇಧಕ್ಕೆ ಶಾಸ್ತ್ರ ಕೊಡುವ ಮುಖ್ಯ ಕಾರಣ ಮದ, ಅಂದರೆ ವಿವೇಕದ ನಾಶ. ಹುಳಿಯ ವಿಚಾರವನ್ನು ಅದರೊಳಗೆ ಬೆರೆಸಿದರೆ ಎರಡೂ ಮಸುಕಾಗುತ್ತವೆ.

ಆಯುರ್ವೇದ ಇನ್ನೂ ಮುಂದೆ ಹೋಗುತ್ತದೆ. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ನಂಜನಗೂಡಿನಲ್ಲಿ, ಟಿಪ್ಪು ಸುಲ್ತಾನನು ಹಕೀಂ ನಂಜುಂಡನೆಂದು ಕರೆದನೆಂಬ ವೈದ್ಯದೇವನ ಊರಿನಲ್ಲಿ, ಈ ಮಾತು ಹೊಸದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನ ಧಾನ್ಯ, ಫಲ, ಬೇರು, ಹೂ ಮೊದಲಾದ ಒಂಬತ್ತು ಮೂಲಗಳಿಂದಾಗುವ 84 ಆಸವಗಳನ್ನು, ಅಂದರೆ ಹುದುಗಿಸಿದ ಪಾನಗಳನ್ನು, ಎಣಿಸುತ್ತದೆ. ಹೊಸ ಮದ್ಯ ಜಡವೆಂದೂ ದೋಷಗಳನ್ನು ಕೆರಳಿಸುತ್ತದೆಂದೂ, ಹಳೆಯದು ಹಗುರವೆಂದೂ ಅದರ ಅಭಿಪ್ರಾಯ. ಜವೆಗೋಧಿಯಿಂದ ಹುಳಿಸಿ ಮಾಡಿದ ಸೌವೀರಕ, ಹೊಟ್ಟಿನ ಸಮೇತ ಹುಳಿಸಿದ ತುಷೋದಕ ಎಂಬ ಪಾನಗಳು ಲ್ಯಾಂಬಿಕ್‌ಗೆ ದೂರದ ಬಂಧುಗಳೇ ಸರಿ. ಶಾರ್ಙ್ಗಧರಸಂಹಿತೆ ಚೂರ್ಣಗಳ ಶಕ್ತಿ ಎರಡು ತಿಂಗಳಿಗೆ ಕುಗ್ಗುತ್ತದೆಂದು ಹೇಳಿ, ಆಸವಗಳು ಹಳೆಯದಾದಷ್ಟೂ ಗುಣವಂತವೆನ್ನುತ್ತದೆ. ಮಡಕೆಯ ಬಾಯಿಗೆ ಮಣ್ಣು ಮೆತ್ತಿದ ಬಟ್ಟೆ ಕಟ್ಟಿ, ಧಾನ್ಯದ ರಾಶಿಯಲ್ಲಿ ಹುಗಿದಿಟ್ಟು ಕಾಯುವ ಅರಿಷ್ಟದ ವಿಧಾನದಲ್ಲಿ ವೈದ್ಯನ ಜಾಣತನಕ್ಕಿಂತ ಅವನ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ. ಕಾಲವನ್ನು ವೈರಿಯೆಂದು ನೋಡದೆ ಕೆಲಸಗಾರನೆಂದು ನೋಡುವ ದೃಷ್ಟಿ ಹೀಗೆ ನಮ್ಮ ಪರಂಪರೆಯೊಳಗೇ ಇದೆ. ಅದಕ್ಕಾಗಿ ಬ್ರಸೆಲ್ಸಿನವರೆಗೆ ಹೋಗಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಈ ಸೀಮೆಯಲ್ಲಿಯೇ ಇಡಲಾಗದ ಹುಳಿಯೊಂದಿತ್ತು. ಈಚಲು ಮರದಿಂದ ಇಳಿಸಿದ ಹೆಂಡ ಮುಂಜಾನೆ ಸಿಹಿಯಾಗಿದ್ದು, ಬಿಸಿಲೇರಿದಂತೆ ಮಡಕೆಯಲ್ಲಿದ್ದ, ಗಾಳಿಯಿಂದ ಬಂದ ಯೀಸ್ಟಿನಿಂದ ತಾನಾಗಿ ನೊರೆಯೆದ್ದು, ಸಂಜೆಗೆ ಹುಳಿಯಾಗಿ, ಮರುದಿನಕ್ಕೆ ಬಾಯಿಗಿಡಲಾಗದಷ್ಟು ಕಡುಹುಳಿಯಾಗುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರಗಳ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಮಂಟೇಸ್ವಾಮಿ ಕಲ್ಯಾಣದ ಶರಣರ ನಿಷ್ಠೆಯನ್ನು ಪರೀಕ್ಷಿಸಲು ಹೊಲಸು ಮೈಯಲ್ಲಿ, ಹೆಂಡದ ಗಡಿಗೆ ಹಿಡಿದು ಬರುತ್ತಾನೆ. ಶುಚಿಯ ಹೆಮ್ಮೆಯಲ್ಲಿದ್ದವರು ಮೂಗು ಮುಚ್ಚಿಕೊಂಡು ಸರಿಯುತ್ತಾರೆ. ಆ ಕಾವ್ಯ ಕುಡಿತವನ್ನು ಹೊಗಳುತ್ತಿದೆಯೆಂದು ಓದುವುದು ತಪ್ಪು. ಗಡಿಗೆಯನ್ನು ಕಂಡು ಮನುಷ್ಯನನ್ನು ಕಾಣದೆ ಹೋದ ಕಣ್ಣನ್ನು ಅದು ಪ್ರಶ್ನಿಸುತ್ತದೆ, ಮತ್ತು ಆ ಪ್ರಶ್ನೆ ಇಂದಿಗೂ ಹಾಗೆಯೇ ಉಳಿದಿದೆ: ಹೆಂಡ ಕುಡಿದ ಕೂಲಿಯವನನ್ನು ಪತಿತನೆನ್ನುವ ಸಮಾಜ, ಬಿರಡೆ ಹಾಕಿದ ವಿದೇಶಿ ಸೀಸೆಯನ್ನು ಕನ್ನಡಿ ಕಪಾಟಿನಲ್ಲಿಟ್ಟವನನ್ನು ಅಭಿರುಚಿವಂತನೆನ್ನುತ್ತದೆ. ಇದು ಅನ್ಯಾಯ. ಸಾರಾಯಿಯಿಂದ ಬಡವರ ಮನೆಗಳು ಹಾಳಾದದ್ದನ್ನು ಕಂಡೇ ಕರ್ನಾಟಕದಲ್ಲಿ 2007ರಲ್ಲಿ ಅದನ್ನು ನಿಷೇಧಿಸಿದರು. ಮದದ ದೋಷ ಅಲ್ಲಿ ಎಷ್ಟು ನಿಜವೋ ಗೂಝ್‌ನ ಲೋಟದಲ್ಲಿಯೂ ಅಷ್ಟೇ ನಿಜ.

ಹೆಂಡವನ್ನು ಕೂಡಿಡಲು ಬರುವುದಿಲ್ಲ, ಆದ್ದರಿಂದ ಅದರಲ್ಲಿ ಸಂಗ್ರಹದ ಪಾಪವಿಲ್ಲ. ಸೀಸೆಯ ಹುಳಿ ಬಿಯರಿನಲ್ಲಿ ಅದು ಮೊದಲ ದಿನವೇ ಕಾದು ಕುಳಿತಿರುತ್ತದೆ. ವಿದೇಶದಿಂದ ಭಾರತಕ್ಕೆ ಮರಳುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರು. ಮುಕ್ಕಾಲು ಲೀಟರಿನ ದೊಡ್ಡ ಸೀಸೆಗಳಲ್ಲಿ ಎರಡಕ್ಕೆ ಆ ಅಳತೆ ಸಾಕು, ಮೂರನೆಯದಕ್ಕೆ ಸಾಲದು. ತಂದ ಮೇಲೆ ಬೆಳಕು ತಾಗದಂತೆ, ಹತ್ತರಿಂದ ಹದಿನೈದು ಡಿಗ್ರಿಯ ತಂಪಿನಲ್ಲಿ ಇಡಬೇಕು, ಏಕೆಂದರೆ ಬೆಳಕು ಹಾಪ್ಸಿನ ಅಂಶವನ್ನು ಒಡೆದು ದುರ್ನಾತ ತರುತ್ತದೆ, ಕಪಿಲಾ ತೀರದ ಬೇಸಿಗೆಯ ಸೆಕೆ ಮಾಗುವಿಕೆಯನ್ನು ಹದಗೆಡಿಸುತ್ತದೆ. ಇಷ್ಟು ಜತನ ಮಾಡಿದವನಿಗೆ ಆ ಸೀಸೆಯನ್ನು ತೆರೆಯಲು ಮನಸ್ಸೇ ಬಾರದಿರುವುದು ಸಹಜ. ಜೈನರ ಅಪರಿಗ್ರಹ, ಅಂದರೆ ಬೇಕಾದುದಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವ ವ್ರತ, ಮತ್ತು ಶರಣರ ದಾಸೋಹ, ಅಂದರೆ ದುಡಿದು ಪಡೆದದ್ದನ್ನು ತನ್ನದೆನ್ನದೆ ಸಮಾಜಕ್ಕೆ ಸಲ್ಲಿಸುವ ನಿಷ್ಠೆ, ಎರಡೂ ಪದಾರ್ಥಕ್ಕಿಂತ ಈ ಹಿಡಿತವನ್ನೇ ದೋಷವೆಂದು ಗುರುತಿಸುತ್ತವೆ. ಮಾಗಲೆಂದು ಇಡುವುದಕ್ಕೂ ತನ್ನದಾಗಿರಲೆಂದು ಇಡುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಸೀಸೆ ತೆರೆಯುವ ದಿನ ಎಷ್ಟು ಲೋಟಗಳನ್ನು ಇಟ್ಟಿದ್ದಾರೆಂಬುದರಿಂದ ಮಾತ್ರ ಅದು ತಿಳಿಯುತ್ತದೆ.

ಹೋಲಿಕೆಯ ವಿಷಯದಲ್ಲಿ ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹ ಒಂದು ಸೂಕ್ಷ್ಮವನ್ನು ತೋರಿಸುತ್ತಾನೆ. ಕಾವೇರಿ, ಕಪಿಲೆಯರ ಸಂಗಮದ ಈ ದೇವರ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಅದರ ಅರ್ಥವೆಂದು ಸ್ಥಳಪುರಾಣ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅತಿ ಚಿಕ್ಕ ತೂಕವೇ ಇಲ್ಲಿ ಅಳತೆ. ಈ ಹೋಲಿಕೆಯಲ್ಲಿ ಕಾಶಿ ಸಣ್ಣದಾಗುವುದಿಲ್ಲ, ಅದರ ಘನತೆಯನ್ನು ಒಪ್ಪಿದ ಮೇಲೆಯೇ ಗುಲಗಂಜಿಗೆ ಅರ್ಥ ಬರುತ್ತದೆ. ಒಂದೇ ತಯಾರಕರ ಎರಡು ಬೇರೆ ಬೇರೆ ವರ್ಷಗಳ ಗೂಝ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ಹಸಿ ನಿಂಬೆಯ ಚುರುಕೂ ಇನ್ನೊಂದರಲ್ಲಿ ಹಳೆಯ ಮರದ, ಒಣಹುಲ್ಲಿನ ಗಂಧವೂ ಇರುವುದನ್ನು ಗುರುತಿಸುವವನು ಇಂಥ ತೂಕವನ್ನೇ ಹಿಡಿದಿರುತ್ತಾನೆ. ಅವನ ಗಮನ ಅಷ್ಟು ಹರಿತವಾಗಿರಬೇಕಾದರೆ ಮದ ಏರಿರಬಾರದು. ನಾಲ್ಕನೆಯ ಲೋಟದ ಹೊತ್ತಿಗೆ ಹೋಲಿಸುವ ಶಕ್ತಿಯೇ ಹೋಗಿರುತ್ತದೆ. ರಸಿಕತೆಯೊಳಗೆ ಹೀಗೆ ತನ್ನದೇ ಆದ ಮಿತಿಯೊಂದಿದೆಯೆಂಬುದು ಅದರ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು.

ಆದರೂ ಒಂದು ಆಕ್ಷೇಪಕ್ಕೆ ಈ ಯಾವ ವಾದವೂ ತಾಗುವುದಿಲ್ಲ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರು ಪೋಷಿಸಿದ ಜೈನಧರ್ಮ ಶ್ರಾವಕನಿಗೆ, ಅಂದರೆ ಗೃಹಸ್ಥನಾದ ಜೈನನಿಗೆ, ಮದ್ಯ, ಮಾಂಸ, ಜೇನುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಸೇರಿಸುತ್ತದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯಕ್ಕೆ ಎರಡು ದೋಷಗಳನ್ನು ಹೇಳಿದೆ: ಒಂದು ಮೋಹ, ಇನ್ನೊಂದು ಅದು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ಯೋನಿ ಎಂಬುದು. ಮೊದಲನೆಯದಕ್ಕೆ ಮಿತಿಯಿಂದ ಉತ್ತರ ಕೊಡಬಹುದು. ಎರಡನೆಯದು ಸೂಕ್ಷ್ಮದರ್ಶಕ ಬರುವುದಕ್ಕೆ ಶತಮಾನಗಳ ಮೊದಲೇ ಹೇಳಿದ್ದು, ಮತ್ತು ಹೇಳಿದಂತೆಯೇ ನಿಜವಾದದ್ದು. ಕುಡಿಯುವ ಗಳಿಗೆಯಲ್ಲಿಯೂ ಯೀಸ್ಟು ಜೀವಂತವಾಗಿರುವ ಗೂಝ್‌ಗೆ ಅದು ಲಾಗರಿಗಿಂತ ನೂರು ಪಟ್ಟು ಹೆಚ್ಚು ಅನ್ವಯಿಸುತ್ತದೆ. ಆ ಬಿಯರಿನ ಹಿರಿಮೆಯೆಂದು ರಸಿಕರು ಯಾವುದನ್ನು ಕೊಂಡಾಡುತ್ತಾರೋ ಅದನ್ನೇ ಜೈನ ಆಚಾರ್ಯರು ಹಿಂಸೆಯ ಕಾರಣವೆಂದು ಹೇಳುತ್ತಾರೆ. ಮೊಸರಿಗೂ ಕಾಲದ ಗಡಿ ಹಾಕಿಕೊಂಡು ಬದುಕುವ ವ್ರತಸ್ಥನೆದುರು ಮೊಸರಿನ ವಿನಾಯಿತಿಯನ್ನು ಎತ್ತಿ ಹಿಡಿಯಲು ಬರುವುದಿಲ್ಲ. ಆ ಜೀವಿಗಳ ಬದುಕು ಲೆಕ್ಕಕ್ಕೆ ಬರುತ್ತದೆಂದು ಒಪ್ಪಿದವನಿಗೆ ಸೀಸೆ ಮುಚ್ಚಿಯೇ ಇರಬೇಕು. ಒಪ್ಪದವನು ತಾನು ಎಲ್ಲಿಂದ ಮುಂದೆ ಜೀವವೆಂದು ಎಣಿಸುತ್ತೇನೆಂಬುದಕ್ಕೆ ಕಾರಣ ಕೊಡಬೇಕು, ಮತ್ತು ಆ ಕಾರಣ ಅವನ ನಾಲಗೆಯ ಆಸೆಯಿಂದ ಹುಟ್ಟಿದ್ದಾಗಿರಬಾರದು.