ಆರನೆಯ ರಾತ್ರಿಗೂ ಮುನ್ನ

ಮಗು ಹುಟ್ಟಿದ ಆರನೆಯ ರಾತ್ರಿ ನಮ್ಮ ಗುಜರಾತಿ ನೆರೆಹೊರೆಯವರು ತೊಟ್ಟಿಲ ಬಳಿ ಹಾಳೆಯನ್ನೂ ಲೇಖನಿಯನ್ನೂ ಇಡುವುದುಂಟು. ವಿಧಾತೆ ಬಂದು ಮಗುವಿನ ಭವಿಷ್ಯ ಬರೆಯುತ್ತಾಳೆಂಬ ನಂಬಿಕೆ. ಅವರು 'ಛಠ್ಠೀನಾ ಲೇಖ್' ಎನ್ನುವುದನ್ನು ನಾವು ಹಣೆಬರಹವೆನ್ನುತ್ತೇವೆ. ವಿಜ್ಞಾನ ಓದಿದವರು ಬ್ರಹ್ಮನ ಜಾಗದಲ್ಲಿ ವಂಶವಾಹಿಗಳನ್ನು ಕೂರಿಸಿ ಅದೇ ಮಾತನ್ನಾಡುತ್ತಾರೆ, ಅಷ್ಟೆ.

ಆದರೆ ಜೀವವಿಕಾಸದ ಅಭ್ಯಾಸಿಗಳು ಇದನ್ನು ಪೂರ್ತಿ ಒಪ್ಪುವುದಿಲ್ಲ. ಮುಸ್ಸಂಜೆಯಲ್ಲಿ ಹಾರುವ ಒಂದು ಕಂದು ಚಿಟ್ಟೆಯಿದೆ. ಅದರ ಹುಳು ಭತ್ತದ ಗರಿ ತಿಂದು ಬೆಳೆಯುತ್ತದೆ. ಮಳೆಗಾಲದಲ್ಲಿ ಬೆಳೆದ ಚಿಟ್ಟೆಯ ರೆಕ್ಕೆಯಡಿ ಕಣ್ಣಿನಂತಹ ಬೊಟ್ಟುಗಳು. ಒಣಗಾಲದ್ದಕ್ಕೆ ಬೊಟ್ಟು ಮಾಸಿ, ತರಗೆಲೆಯದೇ ರೂಪು. ವಂಶವಾಹಿಗಳಲ್ಲಿ ಭೇದವಿಲ್ಲ, ಬೆಳೆಯುವಾಗ ಕಂಡ ಹವೆಯಲ್ಲಿದೆ. ಈ ಗುಣಕ್ಕೆ ಬೆಳವಣಿಗೆಯ ನಮ್ಯತೆ ಎನ್ನಬಹುದು.

ಮನುಷ್ಯರ ಮಟ್ಟಿಗೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ದೊರಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಎಂತಹ ತಾಳ್ಮೆ! ಹಾಗೆ 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟುತೂಕ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ 3. ತಾಯಿಯೂ ಕೃಶಳಾಗಿದ್ದು ಮಗುವೂ ಸಣ್ಣದಾಗಿದ್ದಲ್ಲಿ ನೂರಕ್ಕೆ 20. ಈ ತನಿಖೆಯಲ್ಲಿದ್ದ ಡೇವಿಡ್ ಬಾರ್ಕರ್ ಅವರ ವಾದವಿದು: ಅನ್ನ ಸಾಲದ ಗರ್ಭದಲ್ಲಿ ಶಿಶು ಮಿದುಳನ್ನು ಉಳಿಸಿಕೊಂಡು ಉಳಿದ ಅಂಗಗಳಿಗೆ ಕೈ ಬಿಗಿಹಿಡಿಯುತ್ತದೆ. ಅಭಾವಕ್ಕೆ ಅಣಿಯಾದ ಅಂತಹ ಮೈ ಮುಂದೆ ಊರು ಬಿಟ್ಟು ಸೂರತ್ತಿಗೆ ಬಂದು, ತುಪ್ಪ ಮೆತ್ತಿದ ಘಾರಿಯೆದುರು ಕುಳಿತರೆ ಲೆಕ್ಕ ತಪ್ಪುತ್ತದೆ. ನೂರರಲ್ಲಿ 89 ಮಂದಿಗೆ ಕಾಯಿಲೆ ಇರಲಿಲ್ಲವೆಂಬುದನ್ನೂ ಮರೆಯಬಾರದು. ಇದು ಕಲ್ಲಿನ ಬರಹವಲ್ಲ.

ಹಾಗಾದರೆ ಹೊಣೆ ಯಾರದು? "ತಾಯಿಯದು" ಎಂದು ಬಾಯಿಗೆ ಬರುವುದು ಸುಲಭ, ಅದು ಅನ್ಯಾಯವೂ ಹೌದು. ಅವಳ ತೂಕ ಅವಳು ಆರಿಸಿಕೊಂಡದ್ದೇ? ಬಸುರಿ ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವೆಂದು ತಟ್ಟೆ ಸರಿಸಿದವರು ಹಿರಿಯರು. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣಬೇಕೆಂದು ಕಲಿಸಿದ್ದು ಮನೆತನ. ಅದಕ್ಕೂ ಹಿಂದೆ, ಅವಳಿನ್ನೂ ಹನ್ನೆರಡರ ಹುಡುಗಿಯಾಗಿದ್ದಾಗ, ಒಂದು ಪಾವು ಹಾಲಿದ್ದ ಮನೆಯಲ್ಲಿ ಅದು ಅಣ್ಣನ ಲೋಟಕ್ಕೆ ಹೋಯಿತು. ವಿಧಾತೆಯ ಲೇಖನಿ ಆ ಹೊತ್ತಿನಲ್ಲಿ ನಮ್ಮ ಕೈಯಲ್ಲೇ ಇತ್ತು. ವಡೋದರೆಯಲ್ಲಾಗಲಿ ಅಹಮದಾಬಾದಿನಲ್ಲಾಗಲಿ, ಇಂದು ರಾತ್ರಿ ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು?