ಕಾರ್ಣಿಕದೊಡೆಯನಿಗೆ ಸಿಯಾಟಲ್‌ನಿಂದ

ಅಯ್ಯಾ ಮೈಲಾರಲಿಂಗ,

ಬರುವ ವರ್ಷದ ಮಾತನ್ನು ಜನರ ಕಿವಿಗೆ ಹಾಕುವ ದೇವರು ನೀನು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ನೆರೆದ ಜನವೆಲ್ಲ ಗಪ್‌ಚುಪ್ಪಾಗುತ್ತದೆ. ಅವನು ನುಡಿಯುವ ಕಾರ್ಣಿಕ ಒಂದೇ ಸಾಲು. ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಹೇಳಿದ್ದು ಮಳೆಗೋ, ಬೆಳೆಗೋ, ರಾಜ್ಯಕ್ಕೋ ಎಂದು ಊರಿಗೆ ಮರಳುವ ದಾರಿಯುದ್ದಕ್ಕೂ ಚರ್ಚೆ ನಡೆಯುತ್ತದೆ.

ಆ ಜಾತ್ರೆಯ ಹೊತ್ತಿಗೇ, ಫೆಬ್ರುವರಿಯಲ್ಲಿ, ನಾನಿರುವ ಈ ಊರಿನಲ್ಲೂ ಜನ ವರ್ಷದ ಮಾತು ಹೇಳಲು ಕೂರುತ್ತಾರೆ. ಇಲ್ಲಿ ಬಿಲ್ಲಿಲ್ಲ, ಉಪವಾಸವಿಲ್ಲ. ಬಿಡದೆ ಹಿಡಿದ ಜಿಟಿಜಿಟಿ ಮಳೆ, ಬೇಗನೆ ಕವಿಯುವ ಕತ್ತಲು. ಅಲಾಸ್ಕದ ಕಡಲಿಗೆ ಹೊರಡುವ ಮೊದಲು ಬಲೆ ಸರಿಪಡಿಸುವ ಬ್ಯಾಲರ್ಡ್‌ನ ಮೀನುಗಾರ, ರೆಂಟನ್ನಿನ ಕಾರ್ಖಾನೆಯಲ್ಲಿ ವಿಮಾನ ಜೋಡಿಸುವವಳು, ಯಾಕಿಮಾ ಕಣಿವೆಯ ಸೇಬಿನ ತೋಟದಲ್ಲಿ ಆಟದ ವಿವರಣೆಯನ್ನು ಸ್ಪ್ಯಾನಿಷ್‌ನಲ್ಲಿ ಕೇಳುವ ಕೂಲಿಯವನು, ರೆಡ್ಮಂಡ್‌ನ ಸಾಫ್ಟ್‌ವೇರ್ ಕಚೇರಿಯಲ್ಲಿರುವ ನಮ್ಮ ಹುಡುಗರು, ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ಇಲ್ಲಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಈ ಸಲ ಎಷ್ಟು ಆಟ ಗೆಲ್ಲುತ್ತದೆ ಎಂದು ಒಂದು ಸಂಖ್ಯೆ ಬರೆದಿಡುತ್ತಾರೆ. ಅವರೆಲ್ಲರ ಪರವಾಗಿ ಈ ನಿವೇದನೆ. ಕಾರ್ಣಿಕ ನಿನ್ನ ಬಾಬತ್ತು, ಅದಕ್ಕೇ ನಿನ್ನಲ್ಲಿಗೆ ಬಂದಿದ್ದೇನೆ.

ನೀನು ಕುರಿಗಾಹಿಗಳ, ಗೊರವರ ದೇವರು. ಬೇಸ್‌ಬಾಲ್‌ನ ವಿಚಾರವೂ ನಿನ್ನ ಕಿವಿಗೆ ಬೀಳಲಿ. ಮೂವತ್ತು ತಂಡಗಳು, ಒಂದೊಂದಕ್ಕೂ 162 ಆಟ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ ಇದ್ದೇ ಇರುತ್ತದೆ. ನೂರು ಗೆದ್ದ ತಂಡ ಮಹಾ ತಂಡ, ಅದಕ್ಕೂ ಅರವತ್ತೆರಡು ಸೋಲು. ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದವನು ಶ್ರೇಷ್ಠ ಬ್ಯಾಟರ್. ಋತು ಮುಗಿದ ಮೇಲೆ ಮುಂದಿದ್ದ ಕೆಲವು ತಂಡಗಳಿಗೆ ಪ್ಲೇಆಫ್, ಕೊನೆಗೆ ಉಳಿದ ಎರಡಕ್ಕೆ ವರ್ಲ್ಡ್ ಸೀರೀಸ್. 1977ರಲ್ಲಿ ಹುಟ್ಟಿದ ನಮ್ಮ ಮ್ಯಾರಿನರ್ಸ್ ಆ ಅಂಗಳವನ್ನು ಇವತ್ತಿನವರೆಗೆ ಮೆಟ್ಟಿಲ್ಲ. ಮೂವತ್ತರಲ್ಲಿ ಒಮ್ಮೆಯೂ ಮೆಟ್ಟದ ತಂಡ ಇದೊಂದೇ.

ಇಂಥ ತಂಡದ ಬಗ್ಗೆ ಭವಿಷ್ಯ ಹೇಳುವವರ ಧೈರ್ಯವನ್ನು ಮೊದಲು ನಿನ್ನ ಮುಂದಿಡುತ್ತೇನೆ. 2001ರ ಫೆಬ್ರುವರಿಯನ್ನು ನೆನೆ. ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ರ‍್ಯಾಂಡಿ ಜಾನ್ಸನ್ 1998ರಲ್ಲೇ ಹೋಗಿದ್ದ. ಊರಿನ ಕಣ್ಮಣಿ ಕೆನ್ ಗ್ರಿಫಿ ಜೂನಿಯರ್ 2000ದಲ್ಲಿ ಹೋದ. ಆ ಚಳಿಗಾಲದಲ್ಲಿ ಅಲೆಕ್ಸ್ ರಾಡ್ರಿಗೆಸ್ 25 ಕೋಟಿ 20 ಲಕ್ಷ ಡಾಲರಿನ ಕರಾರಿಗೆ ಸಹಿ ಹಾಕಿ ಟೆಕ್ಸಸ್ ಸೇರಿದ. ಒಂದು ಕಾಲದ ಮೂವರು ದೊಡ್ಡ ಆಟಗಾರರನ್ನು ಮೂರು ವರ್ಷದೊಳಗೆ ಕಳೆದುಕೊಂಡ ಊರು. ಬದಲಿಗೆ ಬಂದವನು ಜಪಾನಿನ ಸಣಕಲ ಮೈಯ ಇಚಿರೊ ಸುಜುಕಿ. ಅಮೆರಿಕದ ಪಿಚರುಗಳ ವೇಗವನ್ನು ಇವನು ತಡೆದಾನೆಯೇ ಎಂದು ಅನುಮಾನಿಸಿದವರು ಬಹಳ. ಆ ವರ್ಷ ತಂಡ ಗೆದ್ದದ್ದು 116 ಆಟ. 1906ರಲ್ಲಿ ಚಿಕಾಗೊ ಕಬ್ಸ್ ಬರೆದಿದ್ದ ದಾಖಲೆಗೆ ಸರಿಸಮ. ಇಚಿರೊನ 242 ಹಿಟ್‌ಗಳಿಗೆ ವರ್ಷದ ಹೊಸಬ, ವರ್ಷದ ಅತ್ಯಮೂಲ್ಯ ಆಟಗಾರ ಎಂಬ ಎರಡೂ ಗೌರವ ಒಲಿದವು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಬಂದು ವರ್ಲ್ಡ್ ಸೀರೀಸ್‌ನ ಬಾಗಿಲಲ್ಲೇ ನಮ್ಮನ್ನು ತಡೆಯಿತು.

ಅಲ್ಲಿಂದ ಇಪ್ಪತ್ತು ವರ್ಷ, 2002ರಿಂದ 2021ರವರೆಗೆ, ಪ್ಲೇಆಫ್ ಕೂಡ ಸಿಗಲಿಲ್ಲ. ಆ ಇಪ್ಪತ್ತು ಫೆಬ್ರುವರಿಗಳಲ್ಲೂ ಜನ ಸಂಖ್ಯೆ ಬರೆದರು. 2009ರಲ್ಲಿ 85 ಗೆದ್ದು, ಕ್ಲಿಫ್ ಲೀ ಎಂಬ ಅಪ್ಪಟ ಪಿಚರ್‌ನನ್ನು ಕರೆತಂದ ಚಳಿಗಾಲದಲ್ಲಿ ಊರಿಗೆ ಊರೇ ಈ ಸಲ ನಮ್ಮದೇ ಎಂದಿತು. 2010 ಮುಗಿದಾಗ 101 ಸೋಲು. ಲೀ ಜುಲೈಯಲ್ಲೇ ಬೇರೆ ತಂಡಕ್ಕೆ ಹೋಗಿದ್ದ. ಮರುವರ್ಷ ಫೆಬ್ರುವರಿಯಲ್ಲಿ ಅದೇ ಜನ ಮತ್ತೆ ಬರೆಯಲು ಕುಳಿತರು. ಮೈಲಾರಯ್ಯ, ಬಿತ್ತಿದ್ದೆಲ್ಲ ಬಾಡಿದ ಮರುವರ್ಷವೂ ಕೂರಿಗೆ ಹೂಡುವ ರೈತನನ್ನು ನೀನು ಕಂಡಿದ್ದೀಯ. ಇವರನ್ನೂ ಅವನ ಸಾಲಿನಲ್ಲೇ ಕೂರಿಸಿಕೋ.

ಈಗ ನಾನು ನಿನಗೆ ಕೈಮುಗಿಯಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ತಂಡದ ನಿಜವಾದ ಬಲ ಅರ್ಧಕ್ಕರ್ಧ ಎಂದು ನೀನೇ ಬಂದು ಹೇಳಿದೆ ಎಂದಿಟ್ಟುಕೊಳ್ಳೋಣ. ಆಗಲೂ ಅದು 162ರಲ್ಲಿ ಸರಿಯಾಗಿ 81 ಗೆಲ್ಲುತ್ತದೆ ಎನ್ನುವಂತಿಲ್ಲ. ಬರೀ ಅದೃಷ್ಟದ ಆಟದಿಂದಲೇ ಆರು ಗೆಲುವು ಮೇಲೆ ಅಥವಾ ಆರು ಗೆಲುವು ಕೆಳಗೆ ಹೋಗುವುದು ಗಣಿತ ಒಪ್ಪುವ ಮಾತು. ಮೂರು ವರ್ಷಕ್ಕೊಮ್ಮೆ ಅದಕ್ಕಿಂತಲೂ ದೂರ ಹೋಗುತ್ತದೆ. ಗಾಯವಿಲ್ಲ, ಮೋಸವಿಲ್ಲ, ಯಾರ ತಪ್ಪೂ ಇಲ್ಲ, ಆದರೂ ಆರು ಆಟದ ಅಂತರ. ಆರು ಆಟವೆಂದರೆ 84ಕ್ಕೂ 90ಕ್ಕೂ ಇರುವ ವ್ಯತ್ಯಾಸ. ಒಂದರಲ್ಲಿ ಸೆಪ್ಟೆಂಬರ್‌ಗೇ ಮನೆ, ಇನ್ನೊಂದರಲ್ಲಿ ಅಕ್ಟೋಬರ್.

ಲೆಕ್ಕ ಬಲ್ಲ ಜಾಣರು ಇಲ್ಲಿ ಬಹಳ ಇದ್ದಾರೆ. ಹೊಡೆದ ರನ್ನು, ಬಿಟ್ಟುಕೊಟ್ಟ ರನ್ನು, ಆಟಗಾರನ ವಯಸ್ಸು, ಚೆಂಡಿನ ವೇಗ ಎಲ್ಲವನ್ನೂ ಯಂತ್ರಕ್ಕೆ ಊಡಿಸಿ ಭವಿಷ್ಯ ತೆಗೆಯುತ್ತಾರೆ. ‘ಪೆಕೋಟಾ’ ಎಂಬ ಹೆಸರುವಾಸಿ ಲೆಕ್ಕ 2015ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ 72 ಗೆಲುವು ಎಂದಿತ್ತು. ಅವರು 95 ಗೆದ್ದು ವರ್ಲ್ಡ್ ಸೀರೀಸ್‌ ಕಿರೀಟವನ್ನೂ ಹೊತ್ತರು. ಆ ಲೆಕ್ಕಗಾರರನ್ನು ನಾನು ಹಳಿಯುವುದಿಲ್ಲ, ಅವರದೂ ಶ್ರದ್ಧೆಯೇ. ಅವರ ಯಂತ್ರ ಎಷ್ಟು ಚುರುಕಾದರೂ ಆ ಆರು ಆಟಗಳ ಬೇಲಿಯನ್ನು ದಾಟದ ಹಾಗೆ ಇಟ್ಟವನು ನೀನು. ಜನ ಬೇಸಿಗೆಯಿಡೀ ರೇಡಿಯೊಗೆ ಕಿವಿ ಹಚ್ಚುವುದು ಆ ಬೇಲಿಯ ಆಚೆ ಏನಿದೆಯೋ ಎಂದು. ಗೆಲುವಿಗಿಂತ ಮೊದಲು ಕೇಳುತ್ತೇನೆ, ಅಯ್ಯಾ: ಆ ಆರು ಆಟಗಳನ್ನು ಯಾರ ಕೈಗೂ ಕೊಡಬೇಡ.

2023ರಲ್ಲಿ ನಮ್ಮ ತಂಡ 88 ಗೆದ್ದು ಒಂದೇ ಒಂದು ಆಟದಿಂದ ಪ್ಲೇಆಫ್ ತಪ್ಪಿಸಿಕೊಂಡಿತು. ಋತು ಮುಗಿದ ಮೇಲೆ ತಂಡದ ಆಡಳಿತದ ಮುಖ್ಯಸ್ಥ ಜೆರಿ ಡಿಪೋಟೊ ಹತ್ತು ವರ್ಷ ಸತತವಾಗಿ ಶೇಕಡಾ 54ರಷ್ಟು ಗೆದ್ದರೆ ಎಂದಾದರೂ ವರ್ಲ್ಡ್ ಸೀರೀಸ್‌ಗೆ ಹೋಗುತ್ತೇವೆ ಎಂಬರ್ಥದ ಮಾತಾಡಿದರು. ಊರು ಸಿಟ್ಟಾಯಿತು. ಲೆಕ್ಕ ಸುಳ್ಳೆಂದಲ್ಲ. ಫೆಬ್ರುವರಿಯಲ್ಲಿ 95 ಎಂದು ಬರೆದ ಮುದುಕಿಗೆ ಹತ್ತು ವರ್ಷದ ಸರಾಸರಿ ಬೇಡ, ಅವಳಿಗೆ ಬೇಕಿರುವುದು ಈ ವರ್ಷ. ತಂಡ ನಡೆಸುವವರಿಗೆ ತಾಳ್ಮೆ ಕೊಟ್ಟಿದ್ದೀಯ, ಜನರ ಅವಸರವನ್ನು ತಿಳಿಯುವ ಮನಸ್ಸನ್ನೂ ಕೊಡು.

ಹೋದ ವರ್ಷ ನೀನು ಕೊಟ್ಟದ್ದನ್ನು ಮರೆತಿಲ್ಲ. ಕ್ಯಾಚರ್ ಕ್ಯಾಲ್ ರಾಲಿ 2024ರಲ್ಲಿ ಹೊಡೆದದ್ದು 34 ಹೋಮ್ ರನ್. ಮೊಣಕಾಲು ಮಡಿಚಿ ಕೂತು ಚೆಂಡು ಹಿಡಿಯುವ ಕ್ಯಾಚರುಗಳಲ್ಲಿ ಅಲ್ಲಿಯವರೆಗೆ ಒಂದು ಋತುವಿನಲ್ಲಿ ಯಾರೂ 50 ಮುಟ್ಟಿರಲಿಲ್ಲ. 2025ರಲ್ಲಿ ಅವನು 60 ಹೊಡೆದ. ಫೆಬ್ರುವರಿಯಲ್ಲಿ ಯಾರಾದರೂ ಅವನ ಹೆಸರಿನ ಮುಂದೆ ಆ ಸಂಖ್ಯೆ ಬರೆದಿದ್ದರೆ ಮನೆಯವರೇ ಕೈ ಹಿಡಿದು ಅಳಿಸಿಸುತ್ತಿದ್ದರು. ತಂಡ 90 ಗೆದ್ದು, 2001ರ ನಂತರ ಮೊದಲ ಬಾರಿಗೆ ತನ್ನ ವಿಭಾಗದ ತುದಿಗೇರಿತು. ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ವಿರುದ್ಧದ ಸರಣಿಯ ಕೊನೆಯ ಆಟ ಹದಿನೈದು ಇನ್ನಿಂಗ್ಸ್‌ವರೆಗೆ, ಸುಮಾರು ಐದು ತಾಸು ಎಳೆಯಿತು. ಹೋರ್ಹೆ ಪೊಲಾಂಕೊನ ಒಂದು ಹೊಡೆತಕ್ಕೆ ಗೆಲುವು ಬಂದಾಗ ಪರಿಚಯವಿಲ್ಲದವರು ಅಪ್ಪಿಕೊಂಡು ಅತ್ತರು.

ಆಮೇಲೆ ಟೊರಾಂಟೊ. ಅವರ ಊರಿನಲ್ಲೇ ಮೊದಲ ಎರಡನ್ನೂ ಗೆದ್ದೆವು. ಮುಂದೆ ನಮ್ಮ ಊರಿನ ಐದನೇ ಆಟ ಮುಗಿದಾಗ 3-2ರಿಂದ ಮುಂದಿದ್ದೆವು. ಆರನೆಯದು ಹೋಯಿತು. ಅಕ್ಟೋಬರ್ 20ರ ಏಳನೇ ಆಟದ ಏಳನೇ ಇನ್ನಿಂಗ್ಸ್‌ನಲ್ಲಿ ನಾವು 3-1, ವರ್ಲ್ಡ್ ಸೀರೀಸ್‌ಗೆ ಇನ್ನು ಎಂಟು ಔಟ್. ಜಾರ್ಜ್ ಸ್ಪ್ರಿಂಗರ್ ಹೊಡೆದ ಚೆಂಡು ಎಡಗಡೆಯ ಗೋಡೆ ದಾಟಿತು, ಮೂರು ರನ್. ಆಟ 4-3ಕ್ಕೆ ಮುಗಿಯಿತು.

ಎಂಟು ಔಟ್ ಎಂದರೆ ಎಷ್ಟು ಹತ್ತಿರ ಎಂದು ಈ ಊರಿನವರು ಚಳಿಗಾಲವಿಡೀ ಅಳೆದರು. ಹಿಂದಿನ ಫೆಬ್ರುವರಿಗಳಲ್ಲಿ ಅವರ ಸಂಖ್ಯೆಯೊಳಗೆ ಆಸೆ ಮಾತ್ರ ಇರುತ್ತಿತ್ತು. ಈ ಸಲ ಭಯವೂ ಸೇರಿದೆ. ಅಷ್ಟು ಹತ್ತಿರ ಹೋದದ್ದು ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯ. ಕೆಲವರು ಬೇಕೆಂದೇ ಕಡಿಮೆ ಬರೆದರು, ಮನಸ್ಸು ನೋಯಬಾರದೆಂದು. ಅವರಿಗೆ ನಿಜವಾದ ಸಂಖ್ಯೆ ಬರೆಯುವ ಬಲ ಕೊಡು. ಒಳಗೆ 96 ಇಟ್ಟುಕೊಂಡು 85 ಎಂದವನ ನಾಲಿಗೆಯ ಮೇಲೆ ನೀನೇ ಕೂರು.

ಪಿಚರುಗಳ ಮೊಣಕೈ ಕಾಪಾಡು. ಎಲ್ಲ ಭವಿಷ್ಯಗಳೂ ಕೊನೆಗೆ ನಿಂತಿರುವುದು ಅಲ್ಲಿನ ಬೆರಳುದ್ದದ ಅಸ್ಥಿರಜ್ಜಿನ ಮೇಲೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಬಲಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. ಅವನು 1976ರಲ್ಲಿ ಮರಳಿ, 1989ರವರೆಗೂ ಎಸೆದ. ಅವನ ಹೆಸರಿನಲ್ಲೇ ಕರೆಯುವ ಆ ಶಸ್ತ್ರಚಿಕಿತ್ಸೆ ಇವತ್ತು ಹೈಸ್ಕೂಲಿನ ಹುಡುಗರಿಗೂ ಬಂದಿದೆ, ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ನಮ್ಮವರಿರಲಿ, ಎದುರಾಳಿಗಳಿರಲಿ, ಆ ಅಸ್ಥಿರಜ್ಜು ಹರಿಯದಿರಲಿ. ಪಕ್ಕದ ತಂಡದ ಹುಡುಗನ ಕೈ ಮುರಿದರೆ ನಮ್ಮ ಸಂಖ್ಯೆ ಏರುತ್ತದೆ ಎಂದು ಎಣಿಸುವ ಬುದ್ಧಿ ಬಂದರೆ ಅದನ್ನು ಬುಡಸಮೇತ ಕಿತ್ತುಹಾಕು.

ಇನ್ನೊಂದನ್ನು ಗಟ್ಟಿಯಾಗಿ ಕೇಳುತ್ತೇನೆ. 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆಟದ ಮೇಲಿನ ಬೆಟ್ಟಿಂಗ್ ರಾಜ್ಯದಿಂದ ರಾಜ್ಯಕ್ಕೆ ಕಾನೂನುಬದ್ಧವಾಯಿತು. ಆಟದ ನಡುನಡುವೆ ಜಾಹೀರಾತು, ಕೈಯಲ್ಲಿರುವ ಫೋನಿನಲ್ಲೇ ಪಣ. 2025ರ ಮೇನಲ್ಲಿ ಹ್ಯೂಸ್ಟನ್ ತಂಡದ ಒಬ್ಬ ಪಿಚರ್ ಒಂದು ದಿನ ಸರಿಯಾಗಿ ಎಸೆಯಲಿಲ್ಲವೆಂದು ಅವನ ಮಕ್ಕಳನ್ನು ಕೊಲ್ಲುವುದಾಗಿ ಬೆದರಿಕೆ ಬಂತು. ಕಳಿಸಿದವನು ದೂರದೇಶದಲ್ಲಿ ಕೂತು ಹಣ ಕಟ್ಟಿ ಸೋತವನು. 1919ರ ಮೋಸಕ್ಕಾಗಿ ಚಿಕಾಗೊದ ಎಂಟು ಆಟಗಾರರನ್ನು ಜೀವನಪೂರ್ತಿ ಹೊರಗಿಟ್ಟ ಆಟ ಇದು, ಪಣದ ವಿಷ ಏನೆಂದು ಇದಕ್ಕೆ ಗೊತ್ತು. ಸಂಖ್ಯೆ ಬರೆಯುವವನ ಕೈಯಲ್ಲಿ ಪೆನ್ಸಿಲ್ ಇರಲಿ, ಹಣ ಬೇಡ. ಹಣ ಕಟ್ಟಿದವನಿಗೆ ಆಟಗಾರ ಮನುಷ್ಯನಾಗಿ ಕಾಣುವುದು ನಿಂತುಹೋಗುತ್ತದೆ. ಹಾಗೆ ಆಗಲು ಬಿಡಬೇಡ.

ಬರೆಯಲು ತಂಡವೇ ಇಲ್ಲದವರೂ ಇದ್ದಾರೆ. 1969ರಲ್ಲಿ ಸಿಯಾಟಲ್‌ಗೆ ಪೈಲಟ್ಸ್ ಎಂಬ ತಂಡ ಬಂದು ಒಂದೇ ಋತು ಆಡಿತು. ಮರುವರ್ಷ ಅರಿಜೋನದ ಅಭ್ಯಾಸ ಮುಗಿಸಿ ಸಾಮಾನು ತುಂಬಿದ ಲಾರಿಗಳು ಸಿಯಾಟಲ್‌ಗೋ ಮಿಲ್ವಾಕಿಗೋ ಎಂದು ತಿಳಿಯದೆ ಯೂಟಾದಲ್ಲಿ ಕಾದು ನಿಂತಿದ್ದವು. ಮಾರ್ಚ್ 31ರಂದು ದಿವಾಳಿ ನ್ಯಾಯಾಲಯದ ಆದೇಶ ಬಂತು, ಲಾರಿಗಳು ಮಿಲ್ವಾಕಿಯ ದಾರಿ ಹಿಡಿದವು. ಋತು ಶುರುವಾಗಲು ಒಂದು ವಾರ ಇತ್ತು. ಈ ಊರಿನ ಹಿರಿಯರಿಗೆ ಅದು ಇನ್ನೂ ನೆನಪಿದೆ. ಆದ್ದರಿಂದಲೇ 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡ್‌ನ ಜನ ಊರು ಬಿಡುತ್ತಿದ್ದ ತಮ್ಮ ತಂಡ ಅಲ್ಲಿ ಆಡಿದ ಕೊನೆಯ ಆಟಕ್ಕೆ 46,889 ಮಂದಿ ಸೇರಿ ಬೀಳ್ಕೊಟ್ಟಾಗ ಇಲ್ಲಿಯೂ ಕರುಳು ಚುರುಕ್ ಎಂದಿತು. ಓಕ್ಲೆಂಡ್‌ನ ಮನೆಗಳಲ್ಲಿ ಈ ಫೆಬ್ರುವರಿ ಪೆನ್ಸಿಲ್ ಹಿಡಿದು ಸುಮ್ಮನೆ ಕೂತವರನ್ನು ನೆನೆಸಿಕೋ. ಅವರಿಗೊಂದು ತಂಡ ಕೊಡು.

ಡೇವ್ ನೀಹೌಸ್ ಅವರನ್ನೂ ನೆನೆಯುತ್ತೇನೆ. 1977ರ ಏಪ್ರಿಲ್ 6ರಂದು ಮ್ಯಾರಿನರ್ಸ್ ತನ್ನ ಮೊದಲ ಆಟವನ್ನು 7-0 ಸೋತಾಗ ರೇಡಿಯೊದಲ್ಲಿದ್ದ ದನಿ ಅವರದು. ತಂಡ ಸೋಲಿಗಿಂತ ಹೆಚ್ಚು ಗೆಲುವು ಕಂಡ ಮೊದಲ ಋತು 1991. ಅಲ್ಲಿಯವರೆಗೂ ಬೇಸಿಗೆಯ ಸಂಜೆಗಳಲ್ಲಿ, ಸೋಲುತ್ತಿರುವ ಆಟವನ್ನೂ ಕೇಳುವವರ ಕಣ್ಣಿಗೆ ಕಟ್ಟುವಂತೆ ಹೇಳುತ್ತಲೇ ಇದ್ದರು. 1995ರಲ್ಲಿ ಎಡ್ಗರ್ ಮಾರ್ಟಿನೆಸ್‌ನ ಹೊಡೆತಕ್ಕೆ ಗ್ರಿಫಿ ಮೊದಲ ಬೇಸ್‌ನಿಂದ ಓಡಿ ಬಂದು ಯಾಂಕೀಸ್ ತಂಡವನ್ನು ಸೋಲಿಸಿದ ಗಳಿಗೆ ಇಂದಿಗೂ ಅವರ ದನಿಯಲ್ಲೇ ಕೇಳುತ್ತದೆ. 2010ರ ನವೆಂಬರ್‌ನಲ್ಲಿ, ಆ 101 ಸೋಲಿನ ಋತು ಮುಗಿದ ಮೇಲೆ, ಅವರು ತೀರಿಕೊಂಡರು. ಮೂವತ್ತನಾಲ್ಕು ಋತು ತಂಡದ ಜೊತೆ ಇದ್ದರೂ ಮ್ಯಾರಿನರ್ಸ್ ಆಡುವ ವರ್ಲ್ಡ್ ಸೀರೀಸ್ ಒಂದನ್ನೂ ವಿವರಿಸುವ ಯೋಗ ಬರಲಿಲ್ಲ. ಅವರಂತೆ ಕಾಯುತ್ತಲೇ ಹೋದ ಅಜ್ಜ ಅಜ್ಜಿಯರು ಈ ಊರಿನ ಮನೆಮನೆಯಲ್ಲೂ ಇದ್ದಾರೆ. ಮೊಮ್ಮಕ್ಕಳು ಬರೆಯುವ ಸಂಖ್ಯೆಯಲ್ಲಿ ಅವರದೂ ಪಾಲಿದೆ.

ಅಯ್ಯಾ, ಇನ್ನೊಬ್ಬರ ಪರವಾಗಿ ಬೇಡಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಇಗೋ ನನ್ನ ಸಂಖ್ಯೆ: 91 ಗೆಲುವು, 71 ಸೋಲು. ಕ್ಯಾಲ್ ರಾಲಿ 60 ಮತ್ತೆ ಹೊಡೆಯುವುದಿಲ್ಲ, 43ರಲ್ಲಿ ನಿಲ್ಲುತ್ತಾನೆ. ನಮ್ಮ ಇನ್ನೊಬ್ಬ ಬ್ಯಾಟರ್ ಹೂಲಿಯೊ ರಾಡ್ರಿಗೆಸ್ ಏಪ್ರಿಲ್‌ನಿಂದಲೇ ಹೊಡೆಯುತ್ತಾನೆ, ಜುಲೈವರೆಗೆ ಕಾಯಿಸುವುದಿಲ್ಲ. ಜೂನ್‌ನಲ್ಲಿ ಒಂದು ಕೆಟ್ಟ ವಾರ ಬರುತ್ತದೆ, ಜನ ಬೈಯುತ್ತಾರೆ, ಆಗ ಅವರ ಮೇಲೆ ಕೋಪಿಸಬೇಡ. ಅಕ್ಟೋಬರ್‌ನಲ್ಲಿ ಮತ್ತೆ ಟೊರಾಂಟೊ ಎದುರಾಗುತ್ತದೆ. ಏಳನೇ ಆಟ ಈ ಸಲ ನಮ್ಮ ಊರಿನಲ್ಲಿ ನಡೆಯುತ್ತದೆ, ಏಳನೇ ಇನ್ನಿಂಗ್ಸ್‌ನಲ್ಲಿ ನಮ್ಮ ಪಿಚರ್‌ನ ಚೆಂಡು ಒಂದು ಗೇಣು ಕೆಳಗೆ ಬೀಳುತ್ತದೆ.