ಹಳೆಯ ಚಮಚದ ಹೊಸ ಧರ್ಮ

ಅಮೆರಿಕದ ವರ್ಮಾಂಟ್ ಪ್ರಾಂತದ ಬೊಮೊಸೀನ್ ಸರೋವರದಲ್ಲಿ ಜೂಲಿಯೋ ಬ್ಯುಯೆಲ್ ಎಂಬಾತನು ದೋಣಿಯಲ್ಲಿ ಕುಳಿತು ಉಣ್ಣುತ್ತಿದ್ದಾಗ, ಅವನ ಕೈಜಾರಿದ ಚಮಚವು ನೀರಿನಲ್ಲಿ ಹೊಳೆಹೊಳೆಯುತ್ತ ಮುಳುಗುತ್ತಿರಲು, ದೊಡ್ಡ ಮೀನೊಂದು ಎರಗಿ ಬಂದು ಅದನ್ನು ಕಚ್ಚಿತೆಂಬ ಐತಿಹ್ಯವು ಅಲ್ಲಿಯ ಗಾಳಗಾರರಲ್ಲಿ ಪ್ರಚಲಿತವಾಗಿದೆ. ಕಥೆಯ ವಿವರಗಳು ಹೇಗಾದರೂ ಇರಲಿ. ಚಮಚಕ್ಕೆ ಕೊಕ್ಕೆಯನ್ನು ಜೋಡಿಸಿದ ಅವನ ಗಾಳಕ್ಕೆ 1852ರಲ್ಲಿ ಪೇಟೆಂಟ್ ದೊರೆತದ್ದು ದಿಟ.

ಗಾಳಗಾರರು ಜಿಗ್ ಎಂದು ಕರೆಯುವ ಇನ್ನೊಂದು ಬಗೆಯ ಗಾಳವುಂಟು. ಕೊಕ್ಕೆಯ ತಲೆಗೆ ಭಾರವಾದ ಲೋಹವನ್ನು ಎರೆದು, ಅದರ ಕತ್ತಿಗೆ ಕೂದಲನ್ನೋ ಪುಕ್ಕವನ್ನೋ ಕಟ್ಟಿದರೆ ಅದು ಸಿದ್ಧ. ತಾನಾಗಿ ಈಜಲಾರದ ಆ ಜಡವಸ್ತುವಿಗೆ, ಕೋಲಿನ ತುದಿಯನ್ನು ಎತ್ತಿ ಇಳಿಸುವ ಕೈಯೇ ಪ್ರಾಣ. ಇಂಥ ಗಾಳಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವವನು ಹರಿದ ಸ್ವೆಟರಿನ ಉಣ್ಣೆಯನ್ನು ಬಿಡಿಸಿ ಬಾಲವಾಗಿ ಸುತ್ತುತ್ತಾನೆ. ಮುರಿದ ಚಮಚದ ಹಿಡಿಯ ಎರಡು ತುದಿಗಳಿಗೂ ತೂತು ಕೊರೆದು ಒಂದಕ್ಕೆ ದಾರವನ್ನೂ ಮತ್ತೊಂದಕ್ಕೆ ಕೊಕ್ಕೆಯನ್ನೂ ತೊಡಿಸುತ್ತಾನೆ. ಉಗುರುಬಣ್ಣದ ಕುಪ್ಪಿಯ ತಳದಲ್ಲಿ ಉಳಿದುದನ್ನು ಲೋಹಕ್ಕೆ ಬಳಿದು, ಒಣಗಿದ ಮೇಲೆ ಕಡ್ಡಿಯ ಮೊನೆಯಿಂದ ಬಿಳಿಯ ಚುಕ್ಕೆಯೊಂದನ್ನೂ ಅದರ ನಡುವೆ ಕರಿಯ ಚುಕ್ಕೆಯೊಂದನ್ನೂ ಇಡುತ್ತಾನೆ. ನಮ್ಮ ಶಿಲ್ಪಿಗಳು ವಿಗ್ರಹಕ್ಕೆ ಕಟ್ಟಕಡೆಯಲ್ಲಿ ಕಣ್ಣು ತೆರೆಯಿಸುವಂತೆ ಇವನೂ ಕಡೆಯಲ್ಲಿ ಕಣ್ಣನ್ನು ಬರೆಯುತ್ತಾನೆ. ಆ ಕ್ಷಣದಿಂದ ಲೋಹದ ತುಂಡು ಮರಿಮೀನಾಗಿ ತೋರುತ್ತದೆ.

ಉಣಿಸುವುದಕ್ಕಾಗಿ ಹುಟ್ಟಿದ ವಸ್ತು ಹೀಗೆ ಕೊಲ್ಲುವುದಕ್ಕೆ ಸಾಧನವಾದಾಗ, ಅದರ ಧರ್ಮವು ಅದರಲ್ಲಿಯೇ ಇದ್ದಿತೆ, ಅಥವಾ ಅದನ್ನು ಕೈಯಲ್ಲಿ ಹಿಡಿದವನ ಸಂಕಲ್ಪದಲ್ಲಿ ಇದ್ದಿತೆ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ತಾರ್ಕಿಕರು ಮಡಕೆಗೆ ಮಣ್ಣು ಸಮವಾಯಿಕಾರಣವೆಂದೂ ಕುಂಬಾರನು ನಿಮಿತ್ತಕಾರಣವೆಂದೂ ವಿಭಾಗಿಸಿದರು. ಚಮಚದಲ್ಲಿ ಲೋಹವು ತಂದದ್ದು ಭಾರ, ಕಾಂತಿ, ಕಾಠಿನ್ಯಗಳನ್ನು ಮಾತ್ರ. ಅವು ಗಾಳದಲ್ಲಿಯೂ ಹಾಗೆಯೇ ಉಳಿದಿವೆ. ಬದಲಾದದ್ದು ಪ್ರಯೋಜನವೊಂದೇ, ಅದು ಕರ್ತೃವಿನದು. ಆದ್ದರಿಂದ ಕಸಕ್ಕೆ ಹೋಗತಕ್ಕುದನ್ನು ಉಪಯೋಗಕ್ಕೆ ತಂದೆನೆಂಬ ಮಿತವ್ಯಯದ ಪುಣ್ಯವು, ಆ ಉಪಯೋಗವು ಎಂಥದೆಂಬ ವಿಚಾರದಿಂದ ನಮ್ಮನ್ನು ಬಿಡುಗಡೆ ಮಾಡಲಾರದು.

ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವ ಭ್ರಮೆಯನ್ನು ಶಂಕರಾಚಾರ್ಯರು ಅಧ್ಯಾಸಕ್ಕೆ, ಎಂದರೆ ಒಂದರ ಮೇಲೆ ಮತ್ತೊಂದನ್ನು ಆರೋಪಿಸಿ ಕಾಣುವುದಕ್ಕೆ, ದೃಷ್ಟಾಂತವಾಗಿ ಕೊಟ್ಟಿದ್ದಾರಷ್ಟೆ. ಶಾಂತಸಾಗರದ ದ್ವೀಪವಾಸಿಗಳು ಬಹುಕಾಲದಿಂದ ಮುತ್ತಿನ ಚಿಪ್ಪನ್ನು ತೇದು, ಮೂಳೆಯ ಕೊಕ್ಕೆಯನ್ನು ಕಟ್ಟಿ, ದೋಣಿಯ ಹಿಂದೆ ಎಳೆದು ಮೀನು ಹಿಡಿಯುತ್ತ ಬಂದಿದ್ದಾರೆ. ವೇದಾಂತಿಯ ಚಿಪ್ಪೇ ಅಲ್ಲಿ ಗಾಳವಾಗಿದೆ, ಮತ್ತು ಅದರಲ್ಲಿ ಇಲ್ಲದ ಬೆಳ್ಳಿಮೈಯನ್ನು ಮೀನು ಕಾಣುತ್ತದೆ. ಆದರೆ ಭೇದವೊಂದುಂಟು. ದಡದ ಮೇಲೆ ಬಿದ್ದ ಚಿಪ್ಪು ಯಾರನ್ನೂ ವಂಚಿಸಬೇಕೆಂದು ಹೊಳೆಯುವುದಿಲ್ಲ. ಅಲ್ಲಿಯ ಅವಿದ್ಯೆ ಅನಾದಿಯಾದುದು, ಕರ್ತೃವಿಲ್ಲದ್ದು. ಗಾಳದಲ್ಲಿಯ ಅಧ್ಯಾಸಕ್ಕೆ ಕರ್ತೃವಿದ್ದಾನೆ. ಮೀನಿನ ಅಜ್ಞಾನವನ್ನು ಬಲ್ಲವನೇ ಅದನ್ನು ಕಣ್ಣು ಬರೆದು ಬೆಳೆಸಿದ್ದಾನೆ.

ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತುನಾಲ್ವರು ಗುರುಗಳಲ್ಲಿ ಮೀನನ್ನೂ ಬಾಣ ಮಾಡುವವನನ್ನೂ ಎಣಿಸಿದ್ದಾನೆ: ಮೀನು ನಾಲಗೆಯ ಚಾಪಲ್ಯದಿಂದ ಕೆಟ್ಟುದಕ್ಕಾಗಿ, ಬಾಣಗಾರನು ತನ್ನ ಕೆಲಸದಲ್ಲಿ ತಲ್ಲೀನನಾಗಿ ಪಕ್ಕದಲ್ಲಿ ಹಾದುಹೋದ ರಾಜನನ್ನೂ ಕಾಣದಿದ್ದುದಕ್ಕಾಗಿ. ಜಿಗ್ ಕಟ್ಟುವವನ ಏಕಾಗ್ರತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಉಣ್ಣೆಯ ಎಳೆಯನ್ನು ಬಿಗಿದು ಗಂಟಿಕ್ಕುವಾಗ ಅವನ ಮನಸ್ಸು ಜಪದಲ್ಲಿರುವವನ ಮನಸ್ಸಿಗಿಂತ ಚಂಚಲವಾಗಿರಲಾರದು. ಆದರೆ ತನ್ಮಯತೆ ಗುಣವೇ ಹೊರತು ಸಮರ್ಥನೆಯಲ್ಲ. ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದ ಧರ್ಮವ್ಯಾಧನು, ನೇಗಿಲ ಕೆಳಗೂ ಜೀವಗಳು ಸಾಯುತ್ತವೆಂದು ಕೌಶಿಕನೆಂಬ ಬ್ರಾಹ್ಮಣನಿಗೆ ತಿಳಿಸಿದನು. ಅವನ ದೊಡ್ಡತನ ತನ್ನ ವೃತ್ತಿಯ ಹಿಂಸೆಯನ್ನು ಮರೆಮಾಚದೆ ಕಂಡುದರಲ್ಲಿದೆ. ಮಕ್ಕಳ ಊಟಕ್ಕೆಂದು ಮೀನು ಹಿಡಿಯುವವನನ್ನು ನಿಂದಿಸುವ ಅಧಿಕಾರ ನನಗಿಲ್ಲ. ಅವನಿಂದ ನಾನು ಕೇಳುವುದು ಆ ವ್ಯಾಧನ ಕಣ್ಣನ್ನು ಮಾತ್ರ.

ಆ ಕಣ್ಣಿಗೆ ಮೀನಲ್ಲದೆ ಮತ್ತೊಂದೂ ಕಾಣಬೇಕು. ಮನೆಯ ಒಲೆಯ ಮೇಲೆ ಕರಗಿಸಿ ಎರೆಯುವ ಲೋಹವು ಬಹುಮಟ್ಟಿಗೆ ಸೀಸ. ದಾರ ಹರಿದು ತಳದಲ್ಲಿ ಉಳಿದ ಅಂಥ ಜಿಗ್ಗನ್ನು, ಆಹಾರವನ್ನು ಅರೆಯಲೆಂದು ಹರಳುಗಳನ್ನು ನುಂಗುವ ಲೂನ್ ಪಕ್ಷಿಯು ಹರಳೆಂದೇ ನುಂಗಿ, ವಿಷವೇರಿ ಸಾಯುತ್ತದೆ. ಇದು ಎರಡನೆಯ ಅಧ್ಯಾಸ. ಇದನ್ನು ಯಾರೂ ಸಂಕಲ್ಪಿಸಲಿಲ್ಲ, ಆದರೂ ಕರ್ತೃ ಗಾಳ ಮಾಡಿದವನೇ. ಹಂಸಗಳು ಹೀಗೆ ಸಾಯುವುದನ್ನು ಕಂಡು ಬ್ರಿಟನ್ ದೇಶವು 1987ರಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಬಹುಪಾಲು ಗಾತ್ರಗಳನ್ನು ನಿಷೇಧಿಸಿತು. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ತವರಕ್ಕೆ 232 ಸಾಕು. ತವರ ಹಗುರವಾದುದರಿಂದ ಜಿಗ್ ತುಸು ನಿಧಾನವಾಗಿ ಮುಳುಗುತ್ತದೆ, ಅಷ್ಟೆ. ಮನೆಯಲ್ಲಿ ಗಾಳ ಮಾಡುವವರು ಸೀಸವನ್ನು ಬಿಟ್ಟು ತವರವನ್ನು ಎರೆಯಲಿ ಎಂಬುದೇ ನನ್ನ ಪ್ರಾರ್ಥನೆ.